ಬಟ್ಟಲಿಗೆ ಬಿದ್ದ ಬರೋಲೊ

ಮಗಳು ಜೆಮ್ಮಾಳ ಒಂದು ಜಡೆ ಮುಗಿದಿತ್ತು. ಇನ್ನೊಂದಕ್ಕೆ ಕೂದಲನ್ನು ಮೂರು ಪಾಲು ಮಾಡಿ ಹಿಡಿದಿದ್ದೆ. ಅಷ್ಟರಲ್ಲಿ ಅತ್ತೆ ಆರ್ಜಿಯಾ ಕೈತುಂಬ ಹಿಟ್ಟು ಮೆತ್ತಿಕೊಂಡು, ಕೂದಲು ಗುಂಗುರಾಗಲೆಂದು ತಲೆತುಂಬ ಕೊಳವೆ ಸುತ್ತಿಕೊಂಡು ಕೋಣೆಗೆ ಬಂದರು. ಬಂದವರೇ ಮೊಣಕೈಯಿಂದ ಬಾಗಿಲು ಮುಚ್ಚಿದರು. ನಮ್ಮ ಮನೆಯಲ್ಲಿ ಹಗಲು ಹೊತ್ತು ಬಾಗಿಲು ಮುಚ್ಚುವುದೆಂದರೆ ಯಾರೋ ಸತ್ತಿರಬೇಕು, ಇಲ್ಲವೇ ಬೆಕ್ಕು ಕಪಾಟಿನಲ್ಲಿ ಮರಿ ಹಾಕಿರಬೇಕು.

"ಎವಾಸಿಯೊ ಹೊರಟ," ಅಂದರು.

"ಎಲ್ಲಿಗೆ? ಇವತ್ತು ಊಟಕ್ಕೆ ಬರ್ತಾರಲ್ಲ?"

"ಊಟಕ್ಕೆ ಬರ್ತಾನೆ. ಮಂಗಳವಾರ ಹೋಗ್ತಾನೆ. ಆಲ್ಬಾದಲ್ಲಿ ಮಗಳು ಕೋಣೆಗೆ ಬಣ್ಣ ಹೊಡೆಸಿ ಇಟ್ಟಿದಾಳಂತೆ. ಇಲ್ಲಿ ಬಾಡಿಗೆ ಮನೆ ಬಿಟ್ಕೊಡ್ತಾನಂತೆ. ನಿನ್ನೆ ಫೋನಲ್ಲಿ ಹೇಳ್ದ, ರೇಡಿಯೋದಲ್ಲಿ ಹವಾಮಾನ ಹೇಳ್ತಾರಲ್ಲ, ಹಾಗೆ."

ಅತ್ತೆ ಮಂಚದ ಅಂಚಿನಲ್ಲಿ ಕುಳಿತರು. ಹಿಟ್ಟು ತಾಗದಿರಲೆಂದು ಎರಡೂ ಅಂಗೈ ಮೇಲಕ್ಕೆತ್ತಿ ಹಿಡಿದಿದ್ದರಿಂದ ಪೂಜೆ ನಡೆಸುವ ಪಾದ್ರಿಯ ಹಾಗೆ ಕಾಣುತ್ತಿದ್ದರು.

"ನೀವೇನಂದ್ರಿ?"

"ಒಳ್ಳೇದಾಯ್ತು, ಅಲ್ಲಿ ಮಂಜು ಕಡಿಮೆ, ನಿನ್ನ ಮೊಣಕಾಲಿಗೆ ಹಿತ ಅಂದೆ."

"ಅತ್ತೆ."

"ಇನ್ನೇನ್ ಹೇಳ್ಲಿ ವಿಲ್ಮಾ? ಎಪ್ಪತ್ತು ದಾಟ್ತು ನಂಗೆ. ಗಂಡಸಿನ ಕೋಟು ಹಿಡ್ಕೊಂಡು ಹೋಗ್ಬೇಡ ಕಣೋ ಅನ್ನೋ ವಯಸ್ಸಾ ಇದು? ಅವನು ಕೇಳ್ಬೇಕು. ಇರ್ಲಾ ಅಂತ ಒಂದು ಮಾತು ಕೇಳಿದ್ರೆ ಸಾಕು, ಇರು ಅಂತೀನಿ. ಕೇಳಲ್ಲ ಅವನು. ಆ ಬೆಟ್ಟದ ಕಡೆಯವ್ರೇ ಹಾಗೆ, ತೆರೆದ ಬಾಗಿಲನ್ನೂ ತಟ್ಟಿ, ಒಳಗೆ ಬರದೆ ವಾಪಸ್ ಹೋಗೋರು."

ನನ್ನ ಕೈಯಲ್ಲಿದ್ದ ಕೂದಲು ಬಿಗಿಯಾಯಿತು. ಜೆಮ್ಮಾ ಕತ್ತು ತಿರುಗಿಸಿದ್ದಳು. ಏಳು ವರ್ಷದ ಹುಡುಗಿ. ಕಿವಿ ಮಾತ್ರ ಅಂಚೆ ಕಚೇರಿಯ ಹೆಂಗಸಿನದು.

"ಅಜ್ಜಿ, ಎವಾಸಿಯೊ ಅವ್ರು ಇಲ್ಲೇ ಇದ್ಬಿಟ್ರೆ..."

"ಇವತ್ತು ಊಟ ಮುಗಿಯೋವರೆಗೂ ನಿನ್ನ ಬಾಯಿ ಊಟಕ್ಕೆ ಮಾತ್ರ," ಅಂದರು ಅತ್ತೆ.

"ಒಂದೇ ಒಂದು ಕೇಳ್ತೀನಿ."

"ಒಂದೂ ಬೇಡ. ವಿಲ್ಮಾ, ಹೇಳು ಇವಳಿಗೆ."

ನಾನು ಹೇಳುವ ಮೊದಲೇ ಕೆಳಗಿನಿಂದ ಸಾರು ಉಕ್ಕಿದ ವಾಸನೆ ಬಂತು. ಅತ್ತೆ ಎದ್ದು ಓಡಿದರು, ನಾನೂ ಓಡಿದೆ. ಜೆಮ್ಮಾ ಅವತ್ತು ಒಂದು ಕಡೆ ಜಡೆ, ಒಂದು ಕಡೆ ಪೊದೆ ಇಟ್ಟುಕೊಂಡೇ ಚರ್ಚಿಗೆ ಬಂದಳು. ಅತ್ತೆ ಬರಲಿಲ್ಲ. ಆನ್ಯೋಲಿ ಕಡುಬು ಮಡಿಚುವುದೂ ಪ್ರಾರ್ಥನೆಯೇ ಎಂದು ಪಾದ್ರಿಗೆ ಹೇಳು ಅಂದರು. ಆದರೆ ಸಂತ ಅಂತೋನಿಯ ಮುಂದೆ ಒಂದು ಮೇಣದ ಬತ್ತಿ ಹಚ್ಚಿ ಬಾ ಅಂತಲೂ ಅಂದರು. ಅವನು ಕಳೆದುಹೋದದ್ದನ್ನು ಹುಡುಕಿಕೊಡುವವನು. ಇನ್ನೂ ಕಳೆಯದಿರುವುದಕ್ಕೆ ಮುಂಗಡವಾಗಿ ಹಚ್ಚಿದರೆ ನಡೆಯುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಹಚ್ಚಿದೆ.

ಎವಾಸಿಯೊ ರೈಲ್ವೆಯಲ್ಲಿದ್ದವರು. ಕೊನೆಯ ವರ್ಗಾವಣೆಯಲ್ಲಿ ತಮ್ಮ ಬೆಟ್ಟಗಳನ್ನು ಬಿಟ್ಟು ಪೊ ನದಿಯ ಈ ಬಯಲಿಗೆ ಬಂದು ಬಿದ್ದರು. ಹೆಂಡತಿ ಆಗಲೇ ತೀರಿಕೊಂಡಿದ್ದರು. ನಿವೃತ್ತಿಯಾದ ಮೇಲೂ ಹೋಗದೆ ಉಳಿದರು. ಯಾಕೆ ಉಳಿದರೆಂದು ಊರಿಗೆಲ್ಲ ಗೊತ್ತಿತ್ತು: ಭಾನುವಾರ ಮಧ್ಯಾಹ್ನದ ನೃತ್ಯದ ಹಾಲಿನಲ್ಲಿ ನಮ್ಮತ್ತೆಯ ಮಝುರ್ಕಾಕ್ಕೆ ಸರಿಸಮನಾಗಿ ಹೆಜ್ಜೆ ಹಾಕುವವರು ಅವರೊಬ್ಬರೇ. ಮಾವ ನೆಲ್ಲೊ ಜೆಮ್ಮಾ ಹುಟ್ಟುವ ಮೊದಲೇ ಹೋದರು. ಇದ್ದಾಗಲೂ ಅವರು ಕುಣಿದವರಲ್ಲ, ಹಾಲಿನ ಮೂಲೆಯಲ್ಲಿ ಇಸ್ಪೀಟು ಆಡುತ್ತ ಹೆಂಡತಿ ಬೇರೆಯವರ ಹೆಂಡತಿಯರ ಜೊತೆ ಕುಣಿಯುವುದನ್ನು ನೋಡಿದವರು.

ನನ್ನ ಗಂಡ ಇವೊಗೆ ತಾಯಿ ಒಬ್ಬ ಗಂಡಸಿನ ಜೊತೆ ಕುಣಿಯುವುದರ ಬಗ್ಗೆ ತಕರಾರಿರಲಿಲ್ಲ. ತಕರಾರು ವೈನಿನದು. ಪರಿಚಯವಾದ ಮೊದಲ ದಿನವೇ ಇವೊ ತಾನು ಕೈಯಾರೆ ಬಾಟಲಿಗೆ ತುಂಬಿದ ಲಾಂಬ್ರುಸ್ಕೊ ಕೊಟ್ಟಿದ್ದ. ಎವಾಸಿಯೊ ಗ್ಲಾಸನ್ನು ದೀಪಕ್ಕೆ ಹಿಡಿದು, ನೊರೆ ಇಳಿಯಲೆಂದು ಕಾದು, ಒಂದು ಗುಟುಕು ಕುಡಿದು, "ಬಾಯಾರಿಕೆಗೆ ಒಳ್ಳೇ ಸೋಡ," ಅಂದಿದ್ದರು. ಹೊಗಳಿದೆ ಎಂದೇ ಅಂದುಕೊಂಡಿದ್ದರಂತೆ.

"ಅಪ್ಪನ ಕುರ್ಚೀಲಿ ಕೂರ್ಲಿ, ಅಪ್ಪನ ಚಪ್ಪಲಿ ಹಾಕ್ಕೊಳ್ಲಿ," ಅನ್ನುತ್ತಿದ್ದ ಇವೊ. "ಆದ್ರೆ ಸೋಡ ಅಂದ ಬಾಯನ್ನ ನಾನು ಮರೆಯಲ್ಲ."

ಇವೊನ ವೈನು ನೇರಳೆ ಬಣ್ಣ, ಸುರಿದರೆ ಗುಲಾಬಿ ನೊರೆ, ಕುಡಿದರೆ ಮೂಗಿಗೆ ಗುಳ್ಳೆ. ಅದನ್ನು ಯಾರೂ ಕಣ್ಣು ಮುಚ್ಚಿ ಚಪ್ಪರಿಸುವುದಿಲ್ಲ. ಆದರೆ ನಾವು ತಿನ್ನುವುದೇನು? ಹಂದಿ, ಹಂದಿಯ ಕೊಬ್ಬು, ಬೆಣ್ಣೆ, ಗಿಣ್ಣು, ಮತ್ತೆ ಹಂದಿ. ಮೂರು ಹೊತ್ತು ಪಾತ್ರೆ ತೊಳೆಯುವವಳಿಗೆ ಇದರ ಗುಟ್ಟು ಬೇಗ ಗೊತ್ತಾಗುತ್ತದೆ. ಜಿಡ್ಡಿಗೆ ನೊರೆ ಬೇಕು.

ಎವಾಸಿಯೊ ಊಟಕ್ಕೆ ಹೇಳಿದ ಹೊತ್ತಿಗಿಂತ ಬಹಳ ಮೊದಲೇ ಬಂದರು. ನಾವು ಚರ್ಚಿನಿಂದ ಬಂದು ಕೋಟು ಬಿಚ್ಚುತ್ತಿದ್ದೆವು. ಹೊರಗೆ ಮಂಜು ಎಷ್ಟಿತ್ತೆಂದರೆ, ಅಂಗಳದ ಗೇಟಿನಿಂದ ಮೊದಲು ಅವರ ಕೆಮ್ಮು ಬಂತು, ಆಮೇಲೆ ಟೊಪ್ಪಿ, ಆಮೇಲೆ ಅವರು. ಉಣ್ಣೆಯ ಮಫ್ಲರಿನಲ್ಲಿ ಏನನ್ನೋ ಸುತ್ತಿ, ನೆಟ್ಟಗೆ ಎದೆಗವಚಿಕೊಂಡಿದ್ದರು. ಹೆರಿಗೆ ಆಸ್ಪತ್ರೆಯಿಂದ ಜೆಮ್ಮಾಳನ್ನು ತರುವಾಗ ಇವೊ ಕೂಡ ಅಷ್ಟು ಜೋಪಾನ ಮಾಡಿರಲಿಲ್ಲ.

"ಅಲ್ಲಾಡಿಸಬಾರದು," ಅಂದರು, ನಮಸ್ಕಾರಕ್ಕೂ ಮೊದಲು. "ಒಂದು ಗಾಜಿನ ಹೂಜಿ ಇದ್ಯಾ, ವಿಲ್ಮಾ ಅವರೇ? ಈಗಲೇ ತೆರೀಬೇಕು. ಇದು ಉಸಿರಾಡ್ಬೇಕು."

"ನಡ್ಕೊಂಡು ಬಂದದ್ದು ನೀವು," ಅಂದ ಇವೊ. "ಉಸಿರಾಡ್ಬೇಕಾದ್ದು ಅದಾ?"

ಎವಾಸಿಯೊ ನಗಲಿಲ್ಲ. ಮಫ್ಲರು ಬಿಚ್ಚಿದರು. ಬರೋಲೊ, ಅವರ ಬೆಟ್ಟದ ಹೆಸರಾಂತ ಕೆಂಪು ವೈನು. ಚೀಟಿಯ ಅಂಚು ತೇವಕ್ಕೆ ಕಂದಿ ಹೋಗಿತ್ತು. ಅಣ್ಣ ಮಾಡಿದ್ದು, ಅಂದರು. ಅಣ್ಣನ ದ್ರಾಕ್ಷಿ ಇಳಿಜಾರು ಬಿಸಿಲಿಗೆ ಹೇಗೆ ಮುಖ ಮಾಡಿತ್ತೆಂದು ಅಂಗೈ ಓರೆ ಮಾಡಿ ತೋರಿಸಿದರು. ಬಿರಡೆಯನ್ನು ಎಷ್ಟು ನಿಧಾನವಾಗಿ ಎಳೆದರೆಂದರೆ ಅದು ಬಂದಾಗ ಸದ್ದೇ ಆಗಲಿಲ್ಲ. ಇವೊನ ಮುಖದಲ್ಲಿ ಅನುಕಂಪ ಮೂಡಿತು. ಅವನ ಪ್ರಕಾರ ಬಿರಡೆ ಎಗರಿ ಸೂರಿಗೆ ಬಡಿಯದ ವೈನು ಕಾಯಿಲೆಯ ವೈನು. ಹೂಜಿಗೆ ಸುರಿಯುವಾಗ ಎವಾಸಿಯೊ ಬಾಟಲಿಯ ಕತ್ತಿನ ಹಿಂದೆ ಮೇಣದ ಬತ್ತಿ ಹಿಡಿಯಲು ಜೆಮ್ಮಾಳಿಗೆ ಹೇಳಿದರು. ಅಡಿಯ ಗಸಿ ಬಾರದಂತೆ ನೋಡಿಕೊಳ್ಳಲು. ಜೆಮ್ಮಾ ಉಸಿರು ಬಿಗಿಹಿಡಿದು, ಪೂಜೆಯಲ್ಲಿ ಕೂಡ ಇರದಷ್ಟು ಗಂಭೀರವಾಗಿ ನಿಂತಳು.

"ಇದು ದನದ ಮಾಂಸಕ್ಕೆ," ಎವಾಸಿಯೊ ಹೂಜಿಯನ್ನು ಕಪಾಟಿನ ಮೇಲಿಟ್ಟು ಹೇಳಿದರು. "ಬೇಟೆ ಮಾಂಸಕ್ಕೂ ಆಗತ್ತೆ. ಹಳೇ ಗಿಣ್ಣಿಗೆ ಆಗತ್ತೆ. ಮೊಟ್ಟೆಗೆ ಆಗಲ್ಲ. ಸೊಪ್ಪಿಗೆ ಆಗಲ್ಲ. ವಿನೆಗರ್ ಕಂಡ್ರೆ ಆಗಲ್ಲ. ಮೀನಿನ ಜೊತೆ ಒಂದೇ ಕೋಣೇಲಿ ಇಡಬಾರದು."

"ಉಪವಾಸಕ್ಕೆ?" ಇವೊ ಕೇಳಿದ.

ನನಗೋ ಜ್ವರ ಬಂದಾಗಿನ ಜೆಮ್ಮಾಳ ನೆನಪಾಯಿತು. ಅವಳೂ ಹೀಗೆಯೇ, ಇದು ಬೇಡ, ಅದು ಬೇಡ, ಅನ್ನಕ್ಕೆ ಹಾಲು ತಾಗಬಾರದು. ಆದರೆ ಜ್ವರ ಎರಡು ದಿನಕ್ಕೆ ಬಿಡುತ್ತದೆ.

ಅತ್ತೆ ಅಡುಗೆಮನೆಯಿಂದ ಬಂದರು. ಕೊಳವೆಗಳನ್ನು ತೆಗೆದಿದ್ದರು, ತುಟಿಗೆ ಬಣ್ಣ ಬಂದಿತ್ತು. ಇಬ್ಬರೂ ನಮ್ಮೆದುರು ಕೈ ಕುಲುಕಿದರು, ಪುರಸಭೆಯ ಸದಸ್ಯರ ಹಾಗೆ.

"ನಿಮ್ಮ ಮೊಣಕಾಲು ಹೇಗಿದೆ?" ಅಂದರು ಅತ್ತೆ.

"ಪರವಾಗಿಲ್ಲ. ನಿಮ್ಮ ಸೊಂಟ?"

"ಇದೆ."

ಇಷ್ಟೇ. ಮಂಗಳವಾರದ ಸುದ್ದಿ ಇಬ್ಬರ ಬಾಯಲ್ಲೂ ಬರಲಿಲ್ಲ. ಜೆಮ್ಮಾ ಬಾಯಿ ತೆರೆದಳು. ನಾನು ಅದರೊಳಗೆ ಒಂದು ಚೂರು ರೊಟ್ಟಿ ಇಟ್ಟೆ.

ನಮ್ಮಲ್ಲಿ ದೊಡ್ಡ ಊಟ ಶುರುವಾಗುವುದು ಕುಳಿತುಕೊಂಡಲ್ಲ, ನಿಂತುಕೊಂಡು. ಎಲ್ಲರ ಕೈಗೂ ಒಂದೊಂದು ಪುಟ್ಟ ಬಟ್ಟಲು. ಅದರಲ್ಲಿ ಕೊಬ್ಬಿದ ಹುಂಜದ ಬಿಸಿ ಸಾರು, ಸಾರಿನಲ್ಲಿ ಒಂದು ಹಿಡಿ ಆನ್ಯೋಲಿ. ಬೆರಳ ತುದಿಗೆ ಸುತ್ತಿ ಮಡಿಚಿದ, ಒಳಗೆ ಮಾಂಸದ ಹೂರಣವಿರುವ ಕಿರುಕಡುಬು. ಅದರ ಮೇಲೆ ಧಾರಾಳವಾಗಿ ಕೆಂಪು ವೈನು. ಸಾರಿಗೇ. ಆಮೇಲೆ ಒಲೆಯ ಮುಂದೆ, ಊಟದ ಮೇಜಿಗೆ ಬೆನ್ನು ಮಾಡಿ ನಿಂತು, ಬಟ್ಟಲಿಗೆ ಬಾಯಿಟ್ಟು ಸುರ್ರೆಂದು ಹೀರಬೇಕು. ಬೆನ್ನು ಯಾಕೆಂದು ಯಾರಿಗೂ ಗೊತ್ತಿಲ್ಲ. ಹೀರುವ ಮುಖ ಚೆನ್ನಾಗಿರುವುದಿಲ್ಲ, ಅದಕ್ಕೇ ಇರಬೇಕು. ವರ್ಷವಿಡೀ ನಮ್ಮ ಮನೆಯಲ್ಲಿ ಆ ವೈನು ಇವೊನದು. ಅವತ್ತೂ ಅವನು ಎರಡು ಬಾಟಲಿ ತಂದು ಒಲೆಯ ಪಕ್ಕ ಸಿದ್ಧವಾಗಿಟ್ಟಿದ್ದ, ಅತಿಥಿಗೆ ಸೋಡದ ರುಚಿ ಮತ್ತೊಮ್ಮೆ ತೋರಿಸಬೇಕೆಂದು.

ಐದು ಬಟ್ಟಲುಗಳು ಒಲೆಯ ಕಟ್ಟೆಯ ಮೇಲೆ ಸಾಲಾಗಿ ಹಬೆಯಾಡುತ್ತಿದ್ದವು. ಎವಾಸಿಯೊ ನನಗೆ ಗ್ಲಾಸಿನ ಕಾಲನ್ನು ಹೇಗೆ ಹಿಡಿಯಬೇಕೆಂದು ವಿವರಿಸುತ್ತಿದ್ದರು. ಇವೊ ಬಾಟಲಿಯ ತಂತಿ ಬಿಚ್ಚಲು ಬಗ್ಗಿದ.

"ಅದು ಇರ್ಲಿ ಬಿಡು," ಅಂದರು ಅತ್ತೆ. "ದಿನಾ ಇರೋದೇ ನಿಂದು. ಇವತ್ತು ಎವಾಸಿಯೊ ಅವರು ತಂದದ್ದೇ ಮೊದಲು."

ಕಪಾಟಿನ ಮೇಲಿನ ಹೂಜಿಯನ್ನು ಎತ್ತಿದರು. ಇಂಥ ಮರ್ಯಾದೆ ನಮ್ಮತ್ತೆ ಯಾರಿಗೂ ಮಾಡಿದವರಲ್ಲ. ಬಿಷಪ್ ಬಂದಾಗಲೂ ಬಟ್ಟಲಿಗೆ ಬಿದ್ದದ್ದು ಮಗನ ವೈನೇ. ಮೊದಲು ಎವಾಸಿಯೊನ ಬಟ್ಟಲಿಗೆ, ಅಂಚಿನವರೆಗೆ. ಆಮೇಲೆ ತಮ್ಮದಕ್ಕೆ, ಇವೊನದಕ್ಕೆ, ನನ್ನದಕ್ಕೆ. ಜೆಮ್ಮಾಳದಕ್ಕೆ ಒಂದು ಚಮಚ, ಬಣ್ಣಕ್ಕೆ.

ಎವಾಸಿಯೊ ತಿರುಗಿ ನೋಡುವ ಹೊತ್ತಿಗೆ ಹೂಜಿಯಲ್ಲಿ ಉಳಿದದ್ದು ಒಂದು ಗ್ಲಾಸಿನಷ್ಟು.

"ಏನ್ ಮಾಡ್ದೆ ನೀನು," ಅಂದರು.

ಕೂಗಲಿಲ್ಲ. ಆದರೆ ನೀವು ಹೋಗಿ ನೀನು ಬಂದಿತ್ತು. ನಾನೂ ಇವೊನೂ ಮುಖ ಮುಖ ನೋಡಿಕೊಂಡೆವು.

"ಸಾರಿಗೆ ಹಾಕ್ದೆ," ಅಂದರು ಅತ್ತೆ. "ಇನ್ನೇನು, ಕುತ್ತಿಗೆಗೆ ಹಾಕ್ಕೊಳ್ಲಾ?"

"ಅದನ್ನ... ಸಾರಿಗಾ?"

"ಅಮ್ಮ, ನನ್ನ ವೈನಿಗೆ ಏನು ಬಂದಿತ್ತು?" ಅಂದ ಇವೊ, ಅರ್ಧ ಬಿಚ್ಚಿದ ತಂತಿಯನ್ನು ಹಿಡಿದುಕೊಂಡೇ.

ಒಂದೇ ಸುರಿತಕ್ಕೆ ಇಬ್ಬರು ಗಂಡಸರನ್ನು ನೋಯಿಸಿದ ಹೆಂಗಸು ಹೂಜಿ ಹಿಡಿದುಕೊಂಡು, ತನ್ನನ್ನು ಯಾಕೆ ಯಾರೂ ಹೊಗಳುತ್ತಿಲ್ಲವೆಂದು ಕಾಯುತ್ತಿದ್ದಳು.

ನಾನು ಬಟ್ಟಲುಗಳನ್ನು ನೋಡಿದೆ. ಲಾಂಬ್ರುಸ್ಕೊ ಬಿದ್ದರೆ ಸಾರು ಹಬ್ಬದ ಬಣ್ಣಕ್ಕೆ ತಿರುಗುತ್ತದೆ. ಇದು ಹಂಚು ತೊಳೆದ ನೀರಿನ ಬಣ್ಣಕ್ಕೆ ತಿರುಗಿತ್ತು. ಮೇಲೆ ಜಿಡ್ಡಿನ ಕಣ್ಣುಗಳು ಸುಮ್ಮನೆ ತೇಲುತ್ತಿದ್ದವು.

"ಆರಿಹೋಗತ್ತೆ," ಅಂದೆ. ಇಂಥ ಹೊತ್ತಿನಲ್ಲಿ ನನ್ನ ಬಾಯಲ್ಲಿ ಬರುವುದು ಇದೊಂದೇ ಮಾತು.

ನಾವು ನಾಲ್ವರೂ ಒಲೆಯ ಕಡೆ ತಿರುಗಿ, ಮೇಜಿಗೆ ಬೆನ್ನು ಮಾಡಿ ನಿಂತೆವು. ದೊಡ್ಡ ಊಟಕ್ಕೆ ಮೊದಲ ಸಲ ಬಂದಿದ್ದ ಎವಾಸಿಯೊಗೆ ಈ ಪದ್ಧತಿ ಗೊತ್ತಿರಲಿಲ್ಲ, ಹೇಳಲು ಯಾರಿಗೂ ಧೈರ್ಯವೂ ಇರಲಿಲ್ಲ. ಅವರು ಬಟ್ಟಲು ಹಿಡಿದು ಮೇಜಿನ ಕಡೆ ಮುಖ ಮಾಡಿಯೇ ನಿಂತಿದ್ದರು, ನಮಗೆ ಬೆನ್ನಾಗಿ. ಹಿಂದಿನಿಂದ ಯಾವ ಸದ್ದೂ ಇರಲಿಲ್ಲ. ಜೆಮ್ಮಾ ನನ್ನ ತೋಳಿನಡಿಯಿಂದ ನುಸುಳಿ ಹೋಗಿ, ಅವರ ಮುಖ ನೋಡಿ ಬಂದು, ನನ್ನ ಏಪ್ರನ್ನಿನ ಅಂಚು ಜಗ್ಗಿದಳು.

"ಅಮ್ಮ, ಅವ್ರು ಬಟ್ಟಲಿನ ಜೊತೆ ಮಾತಾಡ್ತಿದಾರೆ," ಎಂದು ಪಿಸುಗುಟ್ಟಿದಳು.

"ಏನಂತೆ?"

"ಅಣ್ಣಾ ಅಂತಿದಾರೆ. ಅಮ್ಮ, ನಾನು ಈಗ ಕೇಳ್ಲಾ?"

"ಈಗ ಬೇಡ ಕಂದ. ಕುಡಿ."

ಕುಡಿದೆವು. ಹುಂಜ ಒಂದು ದಾರಿ ಹಿಡಿಯಿತು, ಬರೋಲೊ ಇನ್ನೊಂದು ದಾರಿ ಹಿಡಿಯಿತು, ನಾಲಿಗೆ ನಡುವೆ ಒಣಗಿತು. ಚಪ್ಪಲಿಯ ಚರ್ಮ ನೆನೆಸಿದ ಕಷಾಯ ಕುಡಿದ ಹಾಗಾಯಿತು. ಆಗ ಹಿಂದಿನಿಂದ ಸುರ್ರೆಂಬ ಸದ್ದು ಬಂತು. ಉದ್ದಕ್ಕೆ, ನಿಲ್ಲದೆ, ತಳದವರೆಗೆ. ಎಲ್ಲರೂ ತಿರುಗಿದೆವು. ಎವಾಸಿಯೊ ಖಾಲಿ ಬಟ್ಟಲನ್ನು ಮೇಜಿನ ಮೇಲಿಟ್ಟು, ಕರವಸ್ತ್ರದಿಂದ ಮೊದಲು ಮೀಸೆ, ಆಮೇಲೆ ಕಣ್ಣು ಒರೆಸಿಕೊಂಡರು.

"ಕೆಟ್ಟದಾಗಿದೆ," ಅಂದರು.

ಅತ್ತೆ ತಮ್ಮ ಬಟ್ಟಲಿನಿಂದ ಮತ್ತೊಂದು ಗುಟುಕು ಹೀರಿ ಪರೀಕ್ಷಿಸಿದರು. "ಹೌದು. ಕೆಟ್ಟದಾಗಿದೆ. ನಿನ್ನ ವೈನು ಸಾರಿಗೆ ಆಗಲ್ಲ."

"ಸಾರಿಗೆ ಅಂತ ಮಾಡಿದ್ದಲ್ಲ ಅದು."

"ಮೊದಲೇ ಹೇಳ್ಬೇಕಿತ್ತು. ಮೀನಿಗಾಗಲ್ಲ, ಮೊಟ್ಟೆಗಾಗಲ್ಲ, ಸೊಪ್ಪಿಗಾಗಲ್ಲ ಅಂತ ಅಷ್ಟುದ್ದ ಹೇಳ್ದೆ, ಸಾರಿಗಾಗಲ್ಲ ಅಂತ ಹೇಳ್ದ್ಯಾ?"

"ಅದನ್ನ ಹೇಳ್ಬೇಕಾ? ಟೋಪಿಗೆ ಹಾಕ್ಬಾರದು ಅಂತಾನೂ ಹೇಳಿಲ್ಲ ನಾನು."

"ಟೋಪಿ ಯಾರೂ ಹೀರಲ್ಲ."

"ಗ್ಲಾಸಲ್ಲಿ ಕುಡಿಯೋ ವಸ್ತೂನ ಬಟ್ಟಲಲ್ಲಿ ಹೀರೋರಿಗೆ ಟೋಪಿ ಏನು ಲೆಕ್ಕ?"

"ಕೇಳ್ದ್ಯಾ ವಿಲ್ಮಾ, ಇವರ ಮಾತು? ಬೆಳಗ್ಗೆಯಿಂದ ಸೊಂಟ ಮುರ್ಕೊಂಡು ಮಡಚಿದ್ದು."

ನಾನು ಕೇಳುತ್ತಿದ್ದೆ. ನಲವತ್ತು ವರ್ಷ ಒಂದೇ ಸೂರಿನಡಿ ಬಾಳಿದವರು ಮಾತ್ರ ಹೀಗೆ ಜಗಳವಾಡುತ್ತಾರೆ. ಒಬ್ಬರ ವಾಕ್ಯದ ಬಾಲ ಹಿಡಿದು ಇನ್ನೊಬ್ಬರು. ಇವೊಗೂ ಅದೇ ಹೊಳೆದಿರಬೇಕು, ಯಾಕೆಂದರೆ ಅವನು ತಂತಿ ಬಿಚ್ಚುವುದನ್ನು ಮುಗಿಸಿದ. ಬಿರಡೆ ಎಗರಿ ಸೂರಿಗೆ ಬಡಿದು ಜೆಮ್ಮಾಳ ಪೊದೆಯ ಮೇಲೆ ಬಿತ್ತು. ಹೊಸ ಬಟ್ಟಲಿಗೆ ಸಾರು ಬಡಿಸಿ, ಲಾಂಬ್ರುಸ್ಕೊ ಸುರಿದು, ನೊರೆಯೇಳುತ್ತಿರುವ ಅದನ್ನು ಎವಾಸಿಯೊನ ಕೈಗೆ ಕೊಟ್ಟು, ಅವರ ಎರಡೂ ಭುಜ ಹಿಡಿದು ಒಲೆಯ ಕಡೆ ತಿರುಗಿಸಿ ನಿಲ್ಲಿಸಿದ.

"ಹೀಗೆ. ಮೇಜಿಗೆ ಬೆನ್ನು. ಈಗ ಕುಡೀರಿ. ಮಾತಾಡ್ಬೇಡಿ, ಅದನ್ನ ಉಸಿರಾಡಕ್ಕೂ ಬಿಡ್ಬೇಡಿ."

ಎವಾಸಿಯೊ ಕುಡಿದರು. ಬಹಳ ಹೊತ್ತು ಬೆನ್ನು ಮಾತ್ರ ಕಾಣುತ್ತಿತ್ತು. ಕೊನೆಗೆ, "ಸಾರಿಗೆ ಪರವಾಗಿಲ್ಲ," ಎಂಬ ಮಾತು ಒಲೆಗೆ ಕೇಳಿಸುವಂತೆ ಬಂತು.

ಇವೊ ಅದನ್ನು ಆಮೇಲೆ ಊರಿಗೆಲ್ಲ ಹೇಳಿದ್ದು ಬೇರೆಯೇ ರೀತಿ. ಮುದುಕ ಮಂಡಿಯೂರಿದ, ಅಂತ.

ಆಮೇಲೆ ಕುಳಿತೆವು. ಅತ್ತೆ ಬೇಯಿಸಿದ ಮಾಂಸಗಳನ್ನು ಹಲಗೆಯ ಮೇಲೆ ತಂದರು. ದನದ್ದು, ಹುಂಜದ್ದು, ನಾಲಿಗೆ, ಹಂದಿಯ ದಪ್ಪ ಸಾಸೇಜು. ಜೊತೆಗೆ ಮೊಸ್ತಾರ್ದಾ, ಸಕ್ಕರೆ ಪಾಕದಲ್ಲಿ ಮುಳುಗಿದ ಸೇಬು, ಬಾಯಿಗಿಟ್ಟರೆ ಸಾಸಿವೆಯ ಘಾಟು ನೆತ್ತಿಗೇರುವಂಥದ್ದು. ಎವಾಸಿಯೊ ಹೂಜಿಯಲ್ಲಿ ಉಳಿದಿದ್ದ ಬರೋಲೊವನ್ನು ತಮ್ಮ ಗ್ಲಾಸಿಗೆ ಬಗ್ಗಿಸಿದರು. ಸ್ವಲ್ಪ ಹೊತ್ತು ಅದನ್ನು ನೋಡಿದರು. ಕುಡಿಯಲಿಲ್ಲ. ಗ್ಲಾಸನ್ನು ಮೇಜಿನ ಮೇಲೆ ನಿಧಾನ ತಳ್ಳಿ ಅತ್ತೆಯ ತಟ್ಟೆಯ ಪಕ್ಕ ನಿಲ್ಲಿಸಿದರು.

"ದನದ ಮಾಂಸದ ಒಂದು ತುಂಡು ತಿನ್ನಿ," ಅಂದರು. ನೀವು ವಾಪಸ್ ಬಂದಿತ್ತು. "ಮೊಸ್ತಾರ್ದಾ ಬೇಡ. ಉಪ್ಪು ಮಾತ್ರ. ಆಮೇಲೆ ಕುಡೀರಿ."

"ನಂಗೆ ಇವೊನ ವೈನೇ ಸಾಕು."

"ಆರ್ಜಿಯಾ. ಒಂದು ಗುಟುಕು."

ಅತ್ತೆ ಹೇಳಿದಂತೆಯೇ ಮಾಡಿದರು. ನಮ್ಮತ್ತೆ ಹೇಳಿದಂತೆ ಮಾಡಿದ್ದನ್ನು ನಾನು ಮೊದಲ ಸಲ ನೋಡಿದ್ದು. ಮಾಂಸ ತಿಂದರು, ಗುಟುಕು ಕುಡಿದರು, ಅಗಿಯುವುದನ್ನು ನಿಲ್ಲಿಸಿದರು. ಮತ್ತೊಂದು ತುಂಡು, ಮತ್ತೊಂದು ಗುಟುಕು. ಚೆನ್ನಾಗಿದೆ ಅನ್ನಲಿಲ್ಲ. ಆದರೆ ಗ್ಲಾಸು ನನ್ನ ಕಡೆಗೆ ಬರಲಿ ಎಂದು ನಾನು ಕೈಚಾಚಿದಾಗ, ನೋಡದವರ ಹಾಗೆ ಅದನ್ನು ಇನ್ನೊಂದು ಪಕ್ಕಕ್ಕೆ ಸರಿಸಿಕೊಂಡರು. ಇವೊಗೂ ಸಿಗಲಿಲ್ಲ. ತಳದಲ್ಲಿ ಒಂದು ಹನಿ ಉಳಿದಾಗ ರೊಟ್ಟಿಯ ಚೂರಿನಿಂದ ಅದನ್ನೂ ಒರೆಸಿ ತಿಂದರು.

"ಮುಂದಿನ ಭಾನುವಾರ ಇದನ್ನ ಎರಡು ತಗೊಂಡು ಬನ್ನಿ," ಅಂದರು. "ಸಾರಿಗೆ ಹಾಕಲ್ಲ, ಆಣೆ. ನಾನು ಮಾಂಸಾನ ವೈನಲ್ಲೇ ಬೇಯಿಸ್ತೀನಿ, ಇವೊನ ವೈನು ಹಾಕಿ. ಇದನ್ನ ಜೊತೆಗೆ ಕುಡಿಯೋಣ."

ಮುಂದಿನ ಭಾನುವಾರ ಅಂದದ್ದು ಅವರ ಬಾಯಿಂದ ಜಾರಿತ್ತು. ಮಂಗಳವಾರವನ್ನು ಮರೆತಿದ್ದರು. ಹೇಳಿದ ಮೇಲೆ ನೆನಪಾಗಿ, ತಟ್ಟೆಯ ಕಡೆ ಕಣ್ಣು ಇಳಿಸಿದರು.

"ಇನ್ನಿಲ್ಲ," ಅಂದರು ಎವಾಸಿಯೊ. "ಇದೇ ಕೊನೇದು. ಅಣ್ಣ ಹೋದ, ತೋಟ ಮಾರಾಯ್ತು. ಇದೊಂದನ್ನ ಇಟ್ಕೊಂಡಿದ್ದೆ."

"ಯಾತಕ್ಕೆ ಇಟ್ಕೊಂಡಿದ್ರಿ?"

ಎವಾಸಿಯೊ ಚಾಕುವಿನಿಂದ ಒಂದು ರೊಟ್ಟಿಯ ಪುಡಿಯನ್ನು ಮೇಜುಬಟ್ಟೆಯ ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಸಾಗಿಸಿದರು. ಹೇಳಬೇಕಾಗಿರಲಿಲ್ಲ. ಇವತ್ತಿನ ಈ ಊಟಕ್ಕೆಂದೇ ಕಟ್ಟಿಕೊಂಡು ಬಂದಿದ್ದ ಹೊಸ ಟೈಯೇ ಅದನ್ನು ಹೇಳುತ್ತಿತ್ತು. ಆದರೆ ಅತ್ತೆಯ ಮುಖದ ಬಣ್ಣ ಹೋಯಿತು, ತುಟಿಯ ಮೇಲಿನದೊಂದು ಬಿಟ್ಟು. ಆ ಮನುಷ್ಯನ ಅಣ್ಣನನ್ನು ತಾನು ಹುಂಜದ ಜೊತೆ ಕುದಿಸಿದೆನೆಂಬುದು ಅವರಿಗೆ ಆಗ ಅರ್ಥವಾಯಿತು.

"ಕೇಕು ತರ್ತೀನಿ," ಎಂದು ಎದ್ದರು. ಕಪಾಟಿನ ಬಾಗಿಲು ತೆಗೆದು, ನಮಗೆ ಬೆನ್ನು ಮಾಡಿ ನಿಂತರು. ಬಾದಾಮಿ ಕೇಕು ಎದುರಿಗೇ ಇತ್ತು, ನನಗಿಲ್ಲಿಗೇ ಕಾಣುತ್ತಿತ್ತು. ಅವರು ಹುಡುಕುತ್ತಲೇ ಇದ್ದರು.

ಮೇಜಿನ ಬಳಿ ಎವಾಸಿಯೊ ಗಂಟಲು ಸರಿಮಾಡಿಕೊಂಡರು. ಈಗ ಕೇಳುತ್ತಾರೆ ಅಂದುಕೊಂಡೆ. ಮೇಜಿನ ಕೆಳಗೆ ಇವೊನ ಕಾಲನ್ನು ಒತ್ತಿ ಹಿಡಿದೆ, ಅವನು ಹಾಳುಮಾಡದಿರಲಿ ಎಂದು.

"ಮಂಗಳವಾರದ ರೈಲು," ಅಂದರು ಎವಾಸಿಯೊ, "ಪಾರ್ಮಾದಲ್ಲಿ ಬದಲಾಯಿಸ್ಬೇಕು."

"ಮಂಜು ಬಿದ್ರೆ ಅಲ್ಲಿ ತಡ ಆಗತ್ತೆ," ಅಂದ ನನ್ನ ಗಂಡ.

"ಆಗತ್ತೆ. ಆ ಸಿಗ್ನಲ್ಲು ಹಳೇದು."

"ಬದಲಾಯಿಸ್ಬೇಕು ಅದನ್ನ."

"ಎಷ್ಟು ಸಲ ಬರೆದ್ವಿ ನಾವು."

ನಾನು ಒತ್ತಿದ್ದ ಕಾಲಿಗೆ ಒದ್ದೆ. ಇವೊ ಕಾಲು ಎಳೆದುಕೊಂಡು, ಪಿಯಾಚೆಂಝಾದ ಮೂಲಕ ಹೋದರೆ ಬೇಗವೋ ಏನೋ ಎಂದು ಕೇಳಿದ. ಎವಾಸಿಯೊ ಬೆರಳಿನಿಂದ ಮೇಜುಬಟ್ಟೆಯ ಮೇಲೆ ಹಳಿ ಬಿಡಿಸತೊಡಗಿದರು, ನಮ್ಮ ಮನೆಯಿಂದ ಹೊರಗೆ ಹೋಗುವ ಎಲ್ಲ ಹಳಿಗಳನ್ನೂ. ಕಪಾಟಿನ ಮುಂದೆ ಅತ್ತೆಯ ಬೆನ್ನು ಅಲುಗಲಿಲ್ಲ.

ಜೆಮ್ಮಾ ನನ್ನ ಕಡೆ ನೋಡಿದಳು. ಬೆಳಗ್ಗೆಯಿಂದ ಕೆನ್ನೆಯೊಳಗೆ ಇಟ್ಟುಕೊಂಡ ಪ್ರಶ್ನೆ ಇನ್ನೂ ಅಲ್ಲೇ ಇತ್ತು. ರೊಟ್ಟಿಯ ಬುಟ್ಟಿ ನನ್ನ ಕೈಗೆ ಎಟಕುವಂತೆಯೇ ಇತ್ತು, ಒಂದು ಚೂರು ಮುರಿದೂ ಇದ್ದೆ. ಅದನ್ನು ನನ್ನ ಬಾಯಿಗೇ ಹಾಕಿಕೊಂಡು, ಅವಳ ಕಡೆ ತಲೆಯಾಡಿಸಿದೆ.

ಅವಳು ಚಮಚ ಕೆಳಗಿಟ್ಟಳು, ಕುರ್ಚಿಯ ಮೇಲೆ ಮಂಡಿಯೂರಿ ಎತ್ತರವಾದಳು, ಮತ್ತು ಪಿಯಾಚೆಂಝಾದ ಹತ್ತಿರ ನಿಂತಿದ್ದ ಎವಾಸಿಯೊನ ಬೆರಳನ್ನು ಹಿಡಿದುಕೊಂಡಳು.

"ಎವಾಸಿಯೊ ಅವರೇ, ಅಜ್ಜಿ ಮಂಚದಲ್ಲಿ ನೀವು ಕಿಟಕಿ ಕಡೆ ಮಲಗ್ತೀರೋ, ಗೋಡೆ ಕಡೆನೋ?"